ತೂಕ ಏರಿದ ಪಾರ್ಸೆಲ್‌ಗಳು

"ತಲೆ ಕಡೆ ನಾನೇ ಹಿಡೀತೀನಿ. ಒಡಹುಟ್ಟಿದವನು ಇರುವಾಗ ಬೇರೆಯವರು ಯಾಕೆ?" ಎನ್ನುತ್ತ ಮಾವ ಅಂಗಿಯ ತೋಳು ಮಡಚಿಕೊಂಡ. ಶವದ ಪೆಟ್ಟಿಗೆಯನ್ನು ಆಗಲೇ ಅಂಗಳಕ್ಕೆ ತಂದಿಟ್ಟಿದ್ದರು. ಬೆಳಗಿನಿಂದ ಅವನದೇ ಓಡಾಟ. ಪೆಟ್ಟಿಗೆ ಮಾಡಿಸಿದ್ದು ಅವನು, ಕುರ್ಚಿ ಹಾಕಿಸಿದ್ದು ಅವನು, ಎಲ್ಲರಿಗಿಂತ ಗಟ್ಟಿಯಾಗಿ ಅತ್ತದ್ದೂ ಅವನೇ. ಮಗಳು ಮಾತ್ರ ತಾಯಿಯ ಕಾಲ ಬಳಿ ಸುಮ್ಮನೆ ಕೂತಿದ್ದಳು. ಅವಳಿಗೆ ಅಳು ಬಂದಿರಲಿಲ್ಲ.

ಪಕ್ಕದ ಮನೆಯಾಕೆ ಇನ್ನೊಬ್ಬಳ ಕಿವಿ ಕಚ್ಚುತ್ತಿದ್ದಳು. "ಪಾಪ, ಒಳ್ಳೆಯವಳೇ. ಆದ್ರೆ ಅಂಚೆ ಕಚೇರೀಲಿ ಪಾರ್ಸೆಲ್ ಕದ್ದು ಸಿಕ್ಕಿಬಿದ್ದಿದ್ದಳಲ್ಲ. ಮಕ್ಕಳಿಗೆ ಕಳಿಸಿದ ಉಡುಗೊರೆನೂ ಬಿಡಲಿಲ್ಲವಂತೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ."

"ಶ್ಶ್, ಮಗಳು ಕೇಳಿಸ್ಕೊಂಡಾಳು."

ಕೇಳಿಸಿಕೊಂಡೇ ಇದ್ದಳು. ಅದು ಸುಳ್ಳು ಎಂದು ಎದ್ದು ಹೇಳಲು ತನಗೇ ಬಾಯಿ ಬರುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು.

*

ಅಂಚೆ ಕಚೇರಿಯಲ್ಲಿ ಆಗ ತಾಯಿಯದು ಹೊಲಿಗೆ ಮೇಜಿನ ಕೆಲಸ. ದಾರಿಯಲ್ಲಿ ಹರಿದ, ಒಡೆದ ಪಾರ್ಸೆಲ್‌ಗಳೆಲ್ಲ ಆ ಮೇಜಿಗೆ ಬರುತ್ತಿದ್ದವು. ದಬ್ಬಣ ಹಿಡಿದು, ಬಟ್ಟೆ ಹೊದಿಸಿ ಹೊಲಿದು, ಅರಗು ಒತ್ತಿ ಮುಂದೆ ಕಳಿಸಬೇಕು. ಮಾವ ಅದೇ ಕಚೇರಿಯ ವ್ಯಾನ್ ಓಡಿಸುತ್ತಿದ್ದ.

ಮಾವ ಮನೆಗೆ ಬಂದನೆಂದರೆ ಪುಟ್ಟ ಮಗಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೀಲಿ ಕೊಟ್ಟರೆ ಕುಣಿಯುವ ಕರಡಿ, ಬಣ್ಣದ ಪೆನ್ಸಿಲ್ ಡಬ್ಬಿ, ಕಣ್ಣು ಮುಚ್ಚಿ ತೆರೆಯುವ ಗೊಂಬೆ. "ನನ್ನ ಸೊಸೆಗೆ!" ಎಂದು ಕೊಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಮಾಯ.

"ನನ್ನ ಗೊಂಬೆ ಎಲ್ಲಿ?"

"ಅದು ನಮ್ಮದಲ್ಲ ಕಂದ, ಬಿಡು."

"ಸುಳ್ಳು! ಮಾವ ನಂಗೇ ಕೊಟ್ಟಿದ್ದು. ನೀನು ಮಾರಿಬಿಟ್ಟಿದ್ದೀಯ. ಕಳ್ಳಿ!"

ತಾಯಿ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ದಿನದಲ್ಲೇ ಅವಳ ಕೆಲಸ ಹೋಯಿತು. ಆಮೇಲೆ ಊರವರ ಹರಿದ ಬಟ್ಟೆ ಹೊಲಿದು ಮಗಳನ್ನು ಬೆಳೆಸಿದಳು. ಕೆಲಸ ಯಾಕೆ ಹೋಯಿತು ಎಂದು ಕೇಳಿದವರಿಗೆ ತುಟಿ ಪಿಟಕ್ಕೆನ್ನಲಿಲ್ಲ. ತಾನು ಅಂದದ್ದೇ ನಿಜ ಎಂದು ಮಗಳು ನಂಬಿಬಿಟ್ಟಳು.

*

ಕೋಲೂರಿಕೊಂಡು ಬಂದ ಮುದುಕನನ್ನು ಕಚೇರಿಯಲ್ಲಿ ಎಲ್ಲರೂ ತಕ್ಕಡಿಯಣ್ಣ ಎನ್ನುತ್ತಿದ್ದರು. ಪಾರ್ಸೆಲ್ ತೂಗುವುದು ಅವನ ಕೆಲಸವಾಗಿತ್ತು. ಸತ್ತವಳ ಮುಖ ನೋಡಿ, ಕಣ್ಣೊರೆಸಿಕೊಂಡು, ಮಗಳನ್ನು ಒಳಗೆ ಕರೆದ.

"ಯಾರಿಗೂ ಹೇಳ್ಬಾರ್ದು ಅಂತ ನಿಮ್ಮಮ್ಮ ಆಣೆ ಹಾಕಿಸ್ಕೊಂಡಿದ್ದಳು ಮಗಾ. ಇನ್ನು ಮುರಿದ್ರೂ ಬೈಯೋಕೆ ಅವಳಿಲ್ಲ."

"ಏನಜ್ಜ?"

"ಕದ್ದ ಪಾರ್ಸೆಲ್ ಹಗುರ ಆಗ್ಬೇಕು ತಾನೇ? ಅವಳ ಮೇಜಿಗೆ ಹೋಗುವಾಗ ಹಗುರ ಇದ್ದದ್ದು, ಬರುವಾಗ ಭಾರ ಆಗಿರ್ತಿತ್ತು! ನಂಗೆ ತಲೆ ಕೆಟ್ಟುಹೋಯ್ತು. ಒಂದಿನ ಹಿಡಿದು ಕೇಳಿದೆ. ಅವಳ ತಮ್ಮ ವ್ಯಾನಲ್ಲಿ ಕದ್ದು ನಿನಗೆ ತಂದುಕೊಡ್ತಿದ್ದ. ಇವಳು ಅದನ್ನ ಚೀಲದಲ್ಲಿ ಬಚ್ಚಿಟ್ಟು ತಂದು, ಖಾಲಿ ಪೆಟ್ಟಿಗೆಗೆ ಹಾಕಿ ಹೊಲೀತಿದ್ದಳು. ಯಾವ ಸಾಮಾನು ಯಾವ ಪೆಟ್ಟಿಗೇದು ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು? ಎಲ್ಲಾ ಅಂದಾಜು. ಯಾರೋ ಮುದುಕರಿಗೆ ಮಗ ಕೈಗಡಿಯಾರ ಕಳಿಸಿದ್ದನಂತೆ. ಪೆಟ್ಟಿಗೆ ತೆಗೆದ್ರೆ ಗೊಂಬೆ ಕಣ್ಣು ಪಿಳಿಪಿಳಿ ಬಿಡ್ತಿದೆ! ದೂರು ಬಂತು. ಹೊಲಿಗೆ ನೋಡಿದ್ರೆ ಇವಳದೇ. ಮುಗೀತು ಕತೆ."

"ಕದ್ದದ್ದು ತಮ್ಮ ಅಂತ ಹೇಳಬಹುದಿತ್ತಲ್ಲ!"

"ನಾನೂ ಅದನ್ನೇ ಅಂದೆ. 'ಸೊಂಟದ ಮೇಲೆ ಹೊತ್ತು ಬೆಳೆಸಿದೋಳು ನಾನು ಅಣ್ಣ, ಜೈಲಿಗೂ ನಾನೇ ಕಳಿಸ್ಲಾ?' ಅಂದಳು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಈ ಮೇಕೆ ಬಾಯಿ ತೊಳ್ಕೊಳ್ಳಲೂ ಇಲ್ಲ."

ಮಗಳಿಗೆ ಆಗ ಅಳು ಬಂತು. ಗೋಡೆಗೆ ಮುಖವಿಟ್ಟು ಅತ್ತಳು. ಕಳ್ಳಿ ಅಂದದ್ದು ತಪ್ಪಾಯ್ತಮ್ಮ ಎನ್ನಲು ಇನ್ನು ಅಮ್ಮ ಎಲ್ಲಿ?

*

"ಹೊತ್ತಾಯ್ತು, ಎತ್ರಪ್ಪ" ಎಂದರು ಯಾರೋ. ಮಾವ ತಲೆಯ ಕಡೆ ಬಗ್ಗಿದ. ಮಗಳು ಹೊರಗೆ ಬಂದಳು. ಬಾಯಿ ಬಿಟ್ಟರೆ ತಾಯಿ ಜೀವಮಾನವೆಲ್ಲ ಕಾಪಾಡಿದ ತಮ್ಮನ ಮಾನ ಹೋಗುತ್ತದೆ. ಬಿಡದಿದ್ದರೆ ತಾಯಿ ಕಳ್ಳಿಯಾಗಿಯೇ ಹೋಗುತ್ತಾಳೆ.

"ಮಾವ, ಒಂದು ನಿಮಿಷ. ಎಲ್ಲರ ಮುಂದೆ ಹೇಳಿ. ನಮ್ಮಮ್ಮ ಕಳ್ಳಿಯಾ?"

ಮಾವ ಬಾಗಿಲಲ್ಲಿ ನಿಂತ ತಕ್ಕಡಿಯಣ್ಣನನ್ನು ನೋಡಿದ.

"ಸಾವಿನ ಮನೇಲಿ ಇದೆಂಥ ಮಾತು ಮಗಳೇ..."

"ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು. ಬೇರೇನೂ ಕೇಳಲ್ಲ."

ನಿಜವಾಗಿಯೂ ಅವಳು ಇನ್ನೇನೂ ಕೇಳುವವಳಲ್ಲ. ಅಷ್ಟು ಮಾತ್ರ ತಾಯಿಗೆ ಸಿಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

"ಅಲ್ಲ" ಎಂದ ಮಾವ.

"ಏನಂತೆ?" ಎಂದಳು ಪಕ್ಕದ ಮನೆಯಾಕೆ.

"ಅಲ್ಲ ಅಂದೆ! ಅಕ್ಕ ಅಲ್ಲ. ನಾನು. ಕದ್ದಿದ್ದು ನಾನು!"

ಮಗಳು ಹೋಗಿ ಅವನ ಪಕ್ಕದಲ್ಲೇ, ತಲೆಯ ಕಡೆ ಇನ್ನೊಂದು ಮೂಲೆ ಹಿಡಿದಳು. "ಈಗ ಎತ್ತಿ ಮಾವ" ಎಂದಳು.

ಅವನು ಕೈ ಚಾಚಿದ. ಕೈ ಮೇಲೇಳಲಿಲ್ಲ. ಉಳಿದವರು ಎತ್ತಿದ ಪೆಟ್ಟಿಗೆ ವಾಲುವಷ್ಟರಲ್ಲಿ ಪಕ್ಕದ ಮನೆಯಾಕೆ ದಡಬಡನೆ ಬಂದು ಅವನ ಮೂಲೆಗೆ ಹೆಗಲು ಕೊಟ್ಟಳು. ಬೀದಿ ತಿರುಗುವಲ್ಲಿ ಮಗಳು ಹಿಂದೆ ನೋಡಿದಳು. ಖಾಲಿ ಅಂಗಳದಲ್ಲಿ ಮಾವ, ಯಾರೋ ಕೊಡುವುದನ್ನು ಈಸಿಕೊಳ್ಳುವವನ ಹಾಗೆ ಎರಡೂ ಅಂಗೈ ಚಾಚಿಕೊಂಡು ನಿಂತೇ ಇದ್ದ.