ಬಾಗಿಲ ಸಂದಿನ ಚೀಟಿ

ಕೋಯ್ ಟ್ಯಾಕೆಟ್‌ಗೆ ಕಪ್ಪು ಗಾಡಿಯೇ ಬೇಕಿತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಸೆಮಿನೋಲ್ ಊರಾಚೆ ಹಳೇ ಗಾಡಿ ಮಾರುವವರ ಅಂಗಳದ ಮುಂದೆ ಹಾದುಹೋಗುವಾಗಲೆಲ್ಲ ಅವನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು, ಅಷ್ಟೆ. ಅವನ ಅತ್ತೆ ಲುಡೀನ್‌ಗೆ ಅಷ್ಟು ಸಾಕಾಗಿತ್ತು.

"ಮದುವೆಗೆ ಮುಂಚೆ ನನ್ನ ಮಗಳನ್ನೂ ಹೀಗೇ ನೋಡ್ತಿದ್ದೆ ನೀನು," ಎಂದಳು. "ಆಗಲೂ ಬಾಗಿಲು ತೆಗೆದು ಚೀಟಿ ಓದ್ಲಿಲ್ಲ."

ಸೋಮವಾರ ಬೆಳಿಗ್ಗೆ ಆರಕ್ಕೆ ಕೋಯ್ ಎರಡು ದಿನದ ದಾರಿಯ ವಯೋಮಿಂಗ್‌ನಲ್ಲಿರಬೇಕಿತ್ತು. ಅಲ್ಲಿ ಗ್ಯಾಸ್ ಪೈಪಿನ ಹೊಸ ಲೈನು ಎಳೆಯುತ್ತಿದ್ದರು. ಪೈಪನ್ನು ಎತ್ತಿ ಕಾಲುವೆಗೆ ಇಳಿಸುವ ಯಂತ್ರ ನಡೆಸುವುದು ಅವನ ಕೆಲಸ. ಆರೂಕಾಲಿಗೆ ಹೋದರೆ ಆ ಯಂತ್ರದ ಮೇಲೆ ಬೇರೊಬ್ಬ ಕೂತಿರುತ್ತಾನೆ. ಲೈನಿನ ಜನಕ್ಕೆ ಊರಿಲ್ಲ. ಲೈನು ಎಲ್ಲಿಗೆ ಹೋದರೆ ಅಲ್ಲಿಗೆ ಮನೆಯೂ ಹೋಗಬೇಕು. ಕೋಯ್‌ನ ಮನೆ ಚಕ್ರದ ಮೇಲಿನದು, ನಲವತ್ತೊಂದು ಅಡಿ ಉದ್ದದ್ದು, ಕತ್ತು ಚಾಚಿ ಪಿಕಪ್‌ನ ಬೆನ್ನ ಮೇಲೇ ಕೂರುವ ಜಾತಿಯ ಟ್ರೇಲರ್. ಹೋದ ತಿಂಗಳು ಅವರ ಹಳೇ ಪಿಕಪ್‌ನ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ಗಾಡಿ ಇಲ್ಲದೆ ಮನೆ ಕದಲುವುದಿಲ್ಲ. ಹೆಂಡತಿ ರೀವಾ ಏಳು ತಿಂಗಳ ಬಸುರಿ. ಅವತ್ತು ಗುರುವಾರ.

ಮನೆ ನಿಜಕ್ಕೂ ಲುಡೀನ್‌ಳದು. ಅವಳ ಗಂಡ ವರ್ಜಿಲ್ ಲೈನಿನಲ್ಲಿ ಮೂವತ್ತು ವರ್ಷ ಸವೆದು ಕೊಂಡದ್ದು. ವರ್ಜಿಲ್ ತೀರಿಕೊಂಡ ಮೇಲೆ ಅದನ್ನು ಮಗಳ ಮದುವೆಗೆ ಉಡುಗೊರೆ ಕೊಟ್ಟಳು. ಉಡುಗೊರೆಯ ಒಳಗೆ ತಾನೂ ಉಳಿದುಕೊಂಡಳು. ಹಿಂದಿನ ಕೋಣೆ, ಕಿಟಕಿ ಪಕ್ಕದ ಕುರ್ಚಿ, ಒಲೆ ಮತ್ತು ಕೊನೆಯ ಮಾತು, ಇವಿಷ್ಟು ಅವಳವು.

ಅಂಗಳದಲ್ಲಿ ಇವರ ಕೆಲಸಕ್ಕೆ ಬರುವಂಥವು ಎರಡೇ ಗಾಡಿ. ಒಂದು ಕಪ್ಪು, ನಾಲ್ಕು ಚಕ್ರದ್ದು, ಮೈಮೇಲೆ ಒಂದು ಗೀರಿಲ್ಲ. ಇನ್ನೊಂದು ಕಂದು, ಹಿಂದೆ ಜೋಡಿ ಜೋಡಿ ಸೇರಿ ಆರು ಚಕ್ರದ್ದು, ದನದ ಕೊಟ್ಟಿಗೆಯಿಂದ ಸೀದಾ ಎದ್ದು ಬಂದಂತಿತ್ತು. ಮಾರುವವನ ಹೆಸರು ಬಾಯ್ಡ್. ಅವನ ಬೂಟು ಹುಟ್ಟಿದಾಗಿನಿಂದ ಕೆಸರು ಕಂಡದ್ದಲ್ಲ.

"ತಮ್ಮಾ, ಈ ಕಪ್ಪು ಕುದುರೆ ಇದೆಯಲ್ಲ, ನಿನ್ನ ಮನೆ ಏನು ಮಹಾ, ಬ್ಯಾಪ್ಟಿಸ್ಟ್ ಚರ್ಚನ್ನೇ ಎಳೆಯುತ್ತೆ. ಪಾದ್ರಿ ಒಳಗಿದ್ದ ಹಾಗೇನೇ!"

"ಎಳೆಯೋದು ಬೇರೆ, ಹೊರೋದು ಬೇರೆ," ಎಂದಳು ಲುಡೀನ್.

"ಇಪ್ಪತ್ತು ಸಾವಿರ ಪೌಂಡ್ ಎಳೆಯುತ್ತೆ ಅಂತ ಕಂಪನಿಯವರೇ ಬರೆದಿದಾರಮ್ಮ."

"ಎಳೀಲಿ, ಬೇಡ ಅಂದವರ್‍ಯಾರು? ನಮ್ಮನೆ ಬರೀ ಬಾಲ ಹಿಡ್ಕೊಂಡು ಬರಲ್ಲ ಕಣಪ್ಪ, ಹೆಗಲ ಮೇಲೆ ಕೂರುತ್ತೆ. ಹೆಗಲು ಎಷ್ಟು ತಡೆಯುತ್ತೆ, ಅದು ಹೇಳು."

ಅವಳು ಕಪ್ಪು ಗಾಡಿಯ ಬಾಗಿಲು ತೆಗೆದಳು. ಒಳಗೆ ಕೂರಲಿಲ್ಲ, ಸೀಟನ್ನು ಮುಟ್ಟಲೂ ಇಲ್ಲ. ಬಗ್ಗಿ, ಕನ್ನಡಕ ಏರಿಸಿ, ಬಾಗಿಲ ಸಂದಿನಲ್ಲಿ ಅಂಟಿಸಿದ್ದ ಹಳದಿ ಚೀಟಿ ಓದಿದಳು. ಜನ ಮತ್ತು ಸಾಮಾನು ಸೇರಿ ನಾಲ್ಕು ಸಾವಿರದ ನೂರೈವತ್ತು ಪೌಂಡ್ ಮೀರಬಾರದು. ಗಾಡಿ ಹುಟ್ಟಿದ ದಿನ ಅಂಟಿಸುವ ಚೀಟಿ ಅದು. ಅದಕ್ಕೆ ಬಾಯ್ಡ್‌ನ ಮಾತು ಕೇಳಿಸುವುದಿಲ್ಲ.

"ಅಯ್ಯೋ, ಅದು ವಕೀಲರಿಗೋಸ್ಕರ ಬರೆಯೋದಮ್ಮ," ಎಂದ ಬಾಯ್ಡ್. ಆಮೇಲೆ ಕೋಯ್ ಕಡೆ ತಿರುಗಿ, ಮಕ್ಕಳಿಗೆ ಹೇಳುವ ಹಾಗೆ, "ಲೆಕ್ಕಗಿಕ್ಕ ತಲೆಗೆ ಹಚ್ಕೋಬೇಡ ತಮ್ಮಾ, ಗಾಡಿ ಓಡಿಸು, ಅಷ್ಟೆ," ಎಂದ.

ಕೋಯ್‌ನ ಕಿವಿ ಕೆಂಪಾಯಿತು. ಹದಿನಾರಕ್ಕೆ ಶಾಲೆ ಬಿಟ್ಟವನು ಅಂತ ಅವನ ಹಣೆಯ ಮೇಲೇನೂ ಬರೆದಿರಲಿಲ್ಲ. ಆದರೂ ಮೆತ್ತನೆ ಕೈಯವರು ಅದನ್ನು ಹೇಗೋ ಓದಿಬಿಡುತ್ತಾರೆ. ನಲವತ್ತು ಅಡಿ ಪೈಪು ಗಾಳಿಯಲ್ಲಿ ತೂಗಾಡುವಾಗ ಕೆಳಗೆ ನಿಂತವನ ತಲೆ ಉಳಿಯಬೇಕಾದರೆ ಎಷ್ಟು ಲೆಕ್ಕ ಬೇಕು ಅನ್ನುವುದು ಮಾತ್ರ ಅವರ ಓದಿಗೆ ಸಿಗುವುದಿಲ್ಲ.

ಅವನು ಕಂದು ಗಾಡಿಯ ಹತ್ತಿರ ಹೋದ. ಅದರ ಚೀಟಿಯಲ್ಲಿ ಐದೂವರೆ ಸಾವಿರ ಅಂತಿತ್ತು. ಮನೆ ಜೊತೆ ಇಡೀ ಸಂಸಾರವನ್ನು ಸಲೀಸಾಗಿ ಹೊರಬಹುದು. ಎಂಜಿನ್ ಶುರು ಮಾಡಿ, ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ, ಅಂಗೈ ಅಡ್ಡ ಹಿಡಿದ. ಬಿಸಿ ಉಸಿರು ಬುಸುಬುಸು ಅಂತ ಕೈಗೆ ಹೊಡೆಯಿತು. ಒಳಗೆಲ್ಲ ಸವೆದು ಹೋಗಿತ್ತು.

"ಮುದುಕ ಗೂರಲು ಹತ್ತಿ ಉಸಿರಾಡಿದ ಹಾಗಿದೆ," ಎಂದಳು ಲುಡೀನ್. "ದಾರೀಲಿರೋ ಕಾನ್ಸಾಸ್ ಕೂಡ ದಾಟಲ್ಲ ಇದು."

ಅತ್ತೆ ಹೇಳಿದ್ದು ಸರಿಯಾಗಿತ್ತು. ಅವಳು ಸರಿಯಾಗಿದ್ದಾಗ ಕೋಯ್‌ಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು.

"ಹಾಗಾದ್ರೆ ಕಪ್ಪು," ಎಂದ.

"ಮೊದಲು ಮನೆ ತೂಗೋಣ. ಮನೆ ತೂಗದೆ ಗಾಡಿ ತಗೊಳ್ಳೋದು, ಹುಡುಗಿ ನೋಡದೆ ತಾಳಿ ಕಟ್ಟಿದ ಹಾಗೆ."

ಟ್ರೇಲರ್ ಪಾರ್ಕಿನಲ್ಲಿ ಪಕ್ಕದ ಜಾಗದವನು ಓರನ್. ಅವನ ಹತ್ತಿರ ಆರು ಚಕ್ರದ ಗಾಡಿಯಿತ್ತು, ಕೊಂಡಿ ಸಮೇತ. ಮಧ್ಯಾಹ್ನದವರೆಗೆ ಅಂತ ಹೇಳಿ ಅದನ್ನು ಕೇಳಿ ತಂದರು. ಕಾರ್ಖಾನೆಯವರು ಟ್ರೇಲರಿನ ಮೇಲೆ ಅಂಟಿಸುವ ತೂಕ ಬರಿದಾದ ಮನೆಯದು. ಬಾಣಲೆ, ಹಾಸಿಗೆ, ನೀರು, ಸತ್ತವರ ಕೋಟುಗಳು ಅದರಲ್ಲಿ ಸೇರಿರುವುದಿಲ್ಲ. ಅದಕ್ಕೇ ತೂಗುವುದು. ಹಿಂದಿನ ವಾರವೇ ಬಟ್ಟೆ ಒಗೆಯುವ ಯಂತ್ರ, ವರ್ಜಿಲ್‌ನ ಕಬ್ಬಿಣ ಬಡಿಯುವ ಅಡಿಗಲ್ಲು, ಎರಡನೇ ಫ್ರಿಜ್ಜು ಎಲ್ಲ ಹೊರಗೆ ಹೋಗಿದ್ದವು. ಇನ್ನು ತೆಗೆಯುವುದಿದ್ದರೆ ಗೋಡೆಗಳನ್ನೇ ತೆಗೆಯಬೇಕಿತ್ತು. ರೀವಾ ಪಾರ್ಕಿನಲ್ಲೇ ಉಳಿದಳು. ಅತ್ತೆ ಅಳಿಯ ಇಬ್ಬರೇ ಹೆದ್ದಾರಿ ಪಕ್ಕದ ಲಾರಿ ನಿಲ್ದಾಣಕ್ಕೆ ಮನೆ ಎಳೆದುಕೊಂಡು ಹೋದರು.

ತೂಗುವುದು ಎರಡು ಸಲ. ಮೊದಲು ಮನೆ ಸಮೇತ ಲಾರಿ ತೂಗುವ ತಕ್ಕಡಿಯ ಮೇಲೆ ನಿಂತು, ಗಾಡಿಯ ಚಕ್ರಗಳ ಮೇಲೆ ಎಷ್ಟು ಭಾರ ಬಿತ್ತು ಅಂತ ನೋಡಬೇಕು. ಆಮೇಲೆ ಮನೆಯನ್ನು ಪಕ್ಕದಲ್ಲಿ ಬಿಚ್ಚಿಟ್ಟು, ಬರೀ ಗಾಡಿಯನ್ನು ತೂಗಬೇಕು. ಎರಡರ ಅಂತರ ಎಷ್ಟೋ, ಮನೆ ಗಾಡಿಯ ಹೆಗಲಿಗೆ ಕೊಡುವ ಭಾರ ಅಷ್ಟು. ಮೊದಲ ಸಲ ಹನ್ನೆರಡು ಸಾವಿರದ ಐನೂರ ನಲವತ್ತು. ಎರಡನೇ ಸಲ ಎಂಟು ಸಾವಿರದ ಒಂಬೈನೂರು. ಎರಡನೇ ತೂಕದ ಚೀಟಿ ತರಲು ಕೋಯ್ ಅಂಗಡಿಯೊಳಗೆ ಹೋದಾಗ ಲುಡೀನ್ ಆಗಲೇ ಗಲ್ಲೆಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಕರಿದ ಏಪ್ರಿಕಾಟ್ ಕಡುಬಿನ ಪೊಟ್ಟಣ.

"ತಗೋ, ನಿನ್ನ ಚೀಟಿ ನಾನೇ ಈಸ್ಕೊಂಡೆ," ಎಂದು ಅವನ ಜೇಬಿಗೆ ತುರುಕಿದಳು.

ಪಾರ್ಕಿಗೆ ಬಂದು, ಮರದ ಮೇಜಿನ ಮೇಲೆ ಕಾಗದದ ತಟ್ಟೆ ಮಗುಚಿ ಹಾಕಿ, ಅದರ ಬೆನ್ನ ಮೇಲೆ ಕೋಯ್ ಲೆಕ್ಕ ಬರೆದ. ಮನೆಯ ಭಾರ ಮೂರು ಸಾವಿರದ ಆರುನೂರ ನಲವತ್ತು. ಹೊಸದಾಗಿ ಬಿಗಿಯಬೇಕಾದ ಕಬ್ಬಿಣದ ಕೊಂಡಿ ನೂರ ಎಂಬತ್ತು. ಕೋಯ್ ನೂರ ಅರವತ್ತು. ರೀವಾ, ಹೊಟ್ಟೆ ಸೇರಿ, ನೂರ ನಲವತ್ತು.

"ನಾಲ್ಕು ಸಾವಿರದ ನೂರಿಪ್ಪತ್ತು," ಎಂದಳು ರೀವಾ. "ಚೀಟಿಯಲ್ಲಿರೋದು ನೂರೈವತ್ತು. ಮೂವತ್ತು ಉಳೀತು. ಆಯ್ತಲ್ಲ!"

ಆಗಿರಲಿಲ್ಲ ಅಂತ ಅವಳಿಗೆ ಹೊಳೆದದ್ದು ಒಂದು ಗಳಿಗೆ ಕಳೆದ ಮೇಲೆ. ತಟ್ಟೆಯ ಮೇಲೆ ಅಮ್ಮನ ತೂಕ ಇರಲೇ ಇಲ್ಲ. ಲುಡೀನ್‌ಳ ತೂಕ ಲೈನಿನ ಲೋಕದಲ್ಲಿ ಯಾರೂ ಬಾಯಿಬಿಟ್ಟು ಕೇಳಿದ್ದಿಲ್ಲ. ಅವಳ ಲೈಸೆನ್ಸಿನಲ್ಲಿ ನೂರ ಎಪ್ಪತ್ತು ಅಂತಿತ್ತು. ಅದು ಯಾವ ಕಾಲದ್ದೋ.

"ಲೈಸೆನ್ಸಿನ ತೂಕಾನೇ ಹಿಡಿದ್ರೂ ನೂರ ನಲವತ್ತು ಜಾಸ್ತಿ," ಎಂದ ಕೋಯ್. "ಅಷ್ಟಕ್ಕೆ ಏನೂ ಆಗಲ್ಲ ಅತ್ತೆ. ಎಲ್ಲರೂ ಮಾಡೋದೇ."

"ಇನ್ನೂರ ಐವತ್ತೊಂದು," ಎಂದಳು ಲುಡೀನ್.

"ಏನು?"

"ಕಿವಿ ಕೇಳ್ಸಲ್ವಾ? ನಾನು ಇನ್ನೂರ ಐವತ್ತೊಂದು. ಏಪ್ರಿಲ್‌ನಲ್ಲಿ ಡಾಕ್ಟರ್ ತೂಗಿದ್ದು. ಬರ್ಕೋ."

ಅವನು ಬರೆದುಕೊಳ್ಳಲಿಲ್ಲ.

"ಇಳಿಜಾರಲ್ಲಿ ಹಿಂದಿನ ಟೈರು ಸಿಡಿದ ಗಾಡಿ ನೋಡಿದೀನಿ ನಾನು," ಎಂದಳು. "ಮನೆ ಮುಂದಕ್ಕೆ ಹತ್ತಿ ಬಂದಿತ್ತು. ಒಳಗಿದ್ದವರು ನಮ್ಮ ಥರಾನೇ ಒಂದೊಂದು ನೂರು ಬಿಟ್ಟು ಲೆಕ್ಕ ಹಾಕ್ದೋರು. ನೀವಿಬ್ರೂ ಕಪ್ಪು ಗಾಡೀಲಿ ಹೋಗಿ. ಇಲ್ಲೇ ಹತ್ತಿರ ಏಡಾದಲ್ಲಿ ನನ್ನ ತಂಗಿ ನೋಲಾ ಇದಾಳೆ, ಕೋಣೆ ಖಾಲಿ ಇದೆ."

"ಅಮ್ಮಾ, ನೀನು ಬಸ್ಸಲ್ಲಿ ಬಾ!" ಎಂದಳು ರೀವಾ.

"ಈ ಸಲ ಬಸ್ಸು. ಎರಡು ತಿಂಗಳಿಗೆ ಲೈನು ಮುಂದಕ್ಕೆ ಹೋಗುತ್ತೆ, ಆಗ ಇನ್ನೊಂದು ಬಸ್ಸು. ನಾನೇನು ಪಾರ್ಸೆಲ್ಲಾ?"

"ಮಗು ಹುಟ್ಟುತ್ತಲ್ಲಮ್ಮಾ…"

"ಹುಟ್ಟಲಿ. ಫೋಟೋ ಕಳ್ಸು."

ಕೋಯ್ ಎದ್ದು ತಟ್ಟೆಯನ್ನು ನಾಲ್ಕಾಗಿ ಹರಿದು ಎಸೆದ. ಇವಳು ಒಲೆ ಬಿಟ್ಟುಕೊಡುವುದಿಲ್ಲ, ಕೊನೆಯ ಮಾತು ಬಿಟ್ಟುಕೊಡುವುದಿಲ್ಲ ಅಂತ ಎರಡು ವರ್ಷ ಹಲ್ಲು ಕಡಿದಿದ್ದ. ಅವಳಿಲ್ಲದ ಮನೆ ಹೇಗಿರುತ್ತದೆ ಅಂತ ಎಷ್ಟೋ ಸಲ ಖುಷಿಯಿಂದ ನೆನೆದೂ ಇದ್ದ. ಈಗ ಅದು ಕೈಗೆ ಬಂದಿತ್ತು, ಕಪ್ಪು ಗಾಡಿಯ ಸಮೇತ. ಅವನಿಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಯಾರನ್ನು ಅಂತ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಯ್ಡ್ ಕಾಗದಗಳನ್ನು ಹರಡಿ ಕೂತಿದ್ದ.

"ಅತ್ತೆಯೋರು ಬರ್ಲಿಲ್ವಾ? ಒಳ್ಳೇದೇ ಆಯ್ತು ಬಿಡು," ಎಂದು ಕಣ್ಣು ಮಿಟುಕಿಸಿದ. "ಸಹಿ ಇಲ್ಲಿ, ಇಲ್ಲಿ, ಇಲ್ಲಿ."

ಕೋಯ್ ಪೆನ್ನಿಗಾಗಿ ಜೇಬಿಗೆ ಕೈ ಹಾಕಿದ. ಪೆನ್ನಿನ ಜೊತೆ ತೂಕದ ಚೀಟಿಗಳೂ ಹೊರಗೆ ಬಂದವು. ಒಂದು ಬೆಳ್ಳಗಿತ್ತು. ಇನ್ನೊಂದು, ಎರಡನೇ ಸಲದ್ದು, ಒಂದು ಮೂಲೆಯಲ್ಲಿ ಜಿಡ್ಡು ಕುಡಿದು ಗಾಜಿನಂತಾಗಿತ್ತು. ಜಿಡ್ಡಿನ ನಡುವೆ ಹೆಬ್ಬೆರಳಿನ ಗುರುತು. ಅಗಲವಾದ ಹೆಬ್ಬೆರಳು. ಏಪ್ರಿಕಾಟ್ ಕಡುಬಿನ ಎಣ್ಣೆ.

ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ಹಿಂದಿನ ದಿನ ಎರಡನೇ ಸಲ ತೂಗಿದ ಮೇಲೆ ಅವನು ತಕ್ಕಡಿಯಿಂದ ಇಳಿದು, ಗಾಡಿ ನಿಲ್ಲಿಸಿ, ಅಂಗಡಿಗೆ ನಡೆದು ಹೋಗಿದ್ದ. ಅಷ್ಟರಲ್ಲಿ ಅವಳು ಕಡುಬು ಕೊಂಡು, ಫ್ಲಾಸ್ಕು ತುಂಬಿಸಿ, ಚೀಟಿಯನ್ನೂ ಇಸಿದುಕೊಂಡಾಗಿತ್ತು. ಅಂದರೆ ಎರಡನೇ ಸಲ ತೂಗುವಾಗ ಅವಳು ಗಾಡಿಯಲ್ಲಿರಲಿಲ್ಲ. ಮೊದಲನೇ ಸಲ ಇದ್ದಳು. ಕಾಲು ಚಾಚಿ ಕೂತು, ಅವನು ತಿರುವು ತೆಗೆದ ರೀತಿಗೆ ಬೈಯುತ್ತಿದ್ದಳು.

ಅಂತರದಲ್ಲಿ ಬಂದ ಮೂರು ಸಾವಿರದ ಆರುನೂರ ನಲವತ್ತು ಬರೀ ಮನೆಯದಲ್ಲ. ಮನೆ ಮತ್ತು ಲುಡೀನ್. ಅವಳನ್ನು ಬಿಟ್ಟು ಹಾಕಿದೆವು ಅಂದುಕೊಂಡ ಲೆಕ್ಕದಲ್ಲಿ ಅವಳು ಮೊದಲಿನಿಂದ ಕೂತೇ ಇದ್ದಳು.

"ಏನಾಯ್ತು ತಮ್ಮಾ? ಓದೋಕೆ ಬರ್ತಿಲ್ವಾ?" ಎಂದ ಬಾಯ್ಡ್.

"ನಿನಗಿಂತ ಚೆನ್ನಾಗಿ ಬರುತ್ತೆ," ಎಂದ ಕೋಯ್. ಮೂರೂ ಕಡೆ ಸಹಿ ಮಾಡಿ, ಕೀಲಿಕೈ ಕಿತ್ತುಕೊಂಡು ಹೊರಟ.

ಪಾರ್ಕಿನಲ್ಲಿ ಲುಡೀನ್ ಮನೆಯ ಮೆಟ್ಟಿಲ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ತಂಗಿಯ ಕಾರಿಗೆ ಕಾಯುತ್ತಿದ್ದಳು. ಚರ್ಚಿಗೆ ಹಾಕುವ ಷೂ ಹಾಕಿದ್ದಳು. ಕಪ್ಪು ಗಾಡಿ ಧೂಳೆಬ್ಬಿಸಿ ನಿಂತಿತು. ಕೋಯ್ ಇಳಿದು ಬಂದು ಎರಡೂ ಚೀಟಿಯನ್ನು ಅವಳ ತೊಡೆಯ ಮೇಲೆ ಎಸೆದ.

"ಕಾಫಿ ಕುಡೀದೆ ಹತ್ತು ನಿಮಿಷ ಇರೋಕೆ ಆಗಲ್ವಾ ನಿಮಗೆ? ಹಾಂ? ಹತ್ತು ನಿಮಿಷ!"

"ಏನೋ ನಿಂದು ರಗಳೆ?"

"ಎರಡನೇ ಸಲ ನೀವು ಗಾಡೀಲಿ ಇರ್ಲಿಲ್ಲ. ಮೊದಲನೇ ಸಲ ಇದ್ರಿ. ಹಾಕಿ ಲೆಕ್ಕ!"

ಅವಳು ಕನ್ನಡಕ ಏರಿಸಿದಳು. ತುಟಿ ಅಲ್ಲಾಡಿತು. ಜಿಡ್ಡಿನ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ಸರಿಯಾಗಿ ಕೂತಿತು. ಬಾಗಿಲಲ್ಲಿ ರೀವಾ ಬಂದು ನಿಂತಿದ್ದಳು.

"ವರ್ಜಿಲ್," ಎಂದಳು ಲುಡೀನ್. "ಮೂವತ್ತು ವರ್ಷ. ಎರಡೂ ಸಲ ತೂಗೋವರೆಗೂ ನನ್ನ ಇಳಿಯೋಕೇ ಬಿಡ್ತಿರ್ಲಿಲ್ಲ. ಒಂದು ಲೋಟ ಕಾಫಿಗೂ ಬಿಡಲ್ವಲ್ಲ, ಎಂಥ ಜುಗ್ಗ ಅಂತ ಬೈತಿದ್ದೆ. ಹೆಣದ ಮುಂದೆ ಕೂತಾಗಲೂ ಅದನ್ನೇ ಹೇಳ್ಕೊಂಡು ಅತ್ತಿದ್ದೆ."

"ಅವರು ಹೇಳ್ಲಿಲ್ವಾ ಯಾಕೆ ಅಂತ?" ಎಂದ ಕೋಯ್.

"ಹೇಳಿದ್ರೆ ನನ್ನ ತೂಕದ ಮಾತು ಬರ್ತಿತ್ತಲ್ಲ." ಅವಳು ಚೀಟಿಗಳನ್ನು ಮಡಚಿದಳು. ಆಮೇಲೆ ಮುಖ ಕಿವುಚಿ ಅಳಿಯನನ್ನು ನೋಡಿದಳು. "ಅಂದ್ರೆ ನಿನ್ನೆ ನಾನು ಆ ನಂಬರು ಹೇಳಬೇಕಾಗೇ ಇರ್ಲಿಲ್ಲ."

"ಇರ್ಲಿಲ್ಲ."

"ಮರೆತುಬಿಡು."

"ಯಾವ ನಂಬರು?"

"ಹಾಂ. ಹಾಗಿರು."

ಕೋಯ್ ಸೂಟ್‌ಕೇಸ್ ಎತ್ತಲು ಹೋದ. ತೋಳು ಜಗ್ಗಿತು. ಮತ್ತೆ ಕೆಳಗಿಟ್ಟ.

"ಏನಿದೆ ಇದರೊಳಗೆ? ಉಳಿದಿರೋದು ಮೂವತ್ತೇ ಪೌಂಡು, ಗೊತ್ತಾ?"

"ಕಬ್ಬಿಣದ ಬಾಣಲೆ. ಎರಡು. ನೋಲಾ ಮನೇಲಿ ಎಲ್ಲಾ ತಗಡು."

"ತೂಗುವಾಗ ಎಲ್ಲಿದ್ವು?"

"ಇನ್ನೆಲ್ಲಿ, ಒಲೆ ಕೆಳಗೆ."

"ಹಾಗಾದ್ರೆ ಅಲ್ಲೇ ಇಡಿ. ಒಂದಿಂಚು ಮುಂದೆ ಬೇಡ, ಗಾಡಿ ಹೆಗಲಿಗೆ ಭಾರ."

ಲುಡೀನ್ ಎದ್ದು, ಚರ್ಚಿನ ಷೂ ಕಳಚಿ, ಬಾಣಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಲೆಯ ಕೆಳಗಿನ ಖಾನೆ ಎಳೆದ ಸದ್ದು ಕೇಳಿಸಿತು. ಆಮೇಲೆ ಅವಳ ದನಿ.

"ರೀವಾ, ನೋಲಾಗೆ ಫೋನ್ ಮಾಡಿ ಬರಬೇಡ ಅನ್ನು. ಮತ್ತೆ ನಿನ್ನ ಗಂಡಂಗೆ ಹೇಳು, ಓರನ್ ಗಾಡೀನ ಕೊಡೋ ಮುಂಚೆ ತೊಳೀಬೇಕು ಅಂತ. ನಿನ್ನೆ ಮಧ್ಯಾಹ್ನಕ್ಕೆ ಕೊಡ್ತೀವಿ ಅಂದಿದ್ದು."

ಕೋಯ್ ಅಂಗಿ ತೋಳು ಮಡಚಿದ. ಆಮೇಲೆ ಬಕೆಟ್ ಹುಡುಕಲು ಹೋದ.