ನಟ್ಟುವಿನ ಒಳಸೀನು

ಗ್ಯಾರೇಜಿಗೆ ಬಂದ ಗಾಡಿಯನ್ನು ಕಿವಿ ಮೇಸ್ತ್ರಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ "ಮೂರನೇ ವಾಲ್ವು" ಅಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಮೂರನೇ ವಾಲ್ವೇ. ಆ ಕಿವಿಯಿಂದಲೇ ಹೆಸರು ಬಂದದ್ದು. ಹೆಸರು ಬಂದ ಮೇಲೆ ಜಂಭ ಬರದೆ ಇರುತ್ತದೆಯೇ? ಅದೂ ಬಂತು, ಧಾರಾಳವಾಗಿಯೇ ಬಂತು.

ಇಂಥವರ ಮನೆಗೆ ಮಗಳು ಒಂದೂವರೆ ತಿಂಗಳ ಹಿಂದೆ ತನ್ನ ನಾಯಿಯನ್ನು ತಂದು ಬಿಟ್ಟಳು. ಅವಳ ಹೊಸ ಬಾಡಿಗೆ ಮನೆಯಲ್ಲಿ ನಾಯಿ ಕೂಡದು ಅಂದಿದ್ದರಂತೆ. ನಾಯಿ ಅಂದರೆ ಎಷ್ಟು ದೊಡ್ಡದು ಅಂದುಕೊಂಡಿರಿ? ಬೊಗಸೆ ಒಡ್ಡಿದರೆ ಮುಕ್ಕಾಲು ನಾಯಿ ಅದರಲ್ಲೇ ಹಿಡಿಸುತ್ತಿತ್ತು. ಮಗಳು ಅದಕ್ಕೆ ನಾಲಿಗೆ ಹೊರಳದ ಹೆಸರೊಂದನ್ನು ಇಟ್ಟಿದ್ದಳು. ಮೇಸ್ತ್ರಿ ಮೊದಲ ದಿನವೇ ಅದನ್ನು "ನಟ್ಟು" ಮಾಡಿ, "ನಮಗೆ ಇದೊಂದು ಬಾಕಿಯಿತ್ತು" ಅಂತ ಮೂಗು ಮುರಿದರು.

ಮೊದಲ ಒಂದು ತಿಂಗಳು ನಟ್ಟು ಮಂಚದ ಕೆಳಗಿಂದ ಆಚೆ ಬರಲಿಲ್ಲ. ಆಮೇಲೆ ಅದಕ್ಕೇನನ್ನಿಸಿತೋ, ಇಡೀ ಮನೆಯಲ್ಲಿ ಮೂಗು ಮುರಿದವರನ್ನೇ ಹುಡುಕಿ ಹಚ್ಚಿಕೊಂಡಿತು. ಮೇಸ್ತ್ರಿ ಕೂತರೆ ತೊಡೆ, ಮಲಗಿದರೆ ಕಾಲ ಬುಡ. "ಥೂ, ಹೋಗಾಚೆ" ಅನ್ನುತ್ತಲೇ ತಟ್ಟೆಯ ಅಂಚಿಗೆ ಒಂದು ತುತ್ತು ತೆಗೆದಿಡುವುದನ್ನು ಹೆಂಡತಿ ನೋಡಿಯೂ ನೋಡದವರ ಹಾಗೆ ಇದ್ದರು.

ಒಂದು ಸೋಮವಾರ ಸಂಜೆ ಮೇಸ್ತ್ರಿ ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ತೊಡೆಯೇರಿದ ನಟ್ಟು ಇದ್ದಕ್ಕಿದ್ದಂತೆ ಸೆಟೆದು ನಿಂತಿತು. ಕತ್ತು ಮುಂದೆ ಚಾಚಿ, ಮುಂಗಾಲು ಅಗಲಿಸಿ, ಕಣ್ಣರಳಿಸಿ "ಖ್ರೂಂಕ್! ಖ್ರೂಂಕ್!" ಅಂತ ಗಾಳಿಯನ್ನು ಒಳಗೆ ಎಳೆದುಕೊಳ್ಳತೊಡಗಿತು. ಮೇಸ್ತ್ರಿಯ ಜೀವ ಬಾಯಿಗೆ ಬಂತು.

"ಏ, ಬಾರೇ ಇಲ್ಲಿ! ಏನೋ ನುಂಗಿಬಿಟ್ಟಿದೆ!" ಅಂತ ಕೂಗಿದವರೇ, ಪೈಪಿನಲ್ಲಿ ಸಿಕ್ಕಿದ ಬೋಲ್ಟು ಬೀಳಿಸುವವರಂತೆ ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು.

"ಬಿಡ್ರೀ! ನಾಯಿ ಅದು, ಡಬ್ಬ ಅಲ್ಲ!" ಹೆಂಡತಿ ಓಡಿ ಬಂದು ಕಿತ್ತುಕೊಂಡರು. ಅಷ್ಟರಲ್ಲಿ ಸದ್ದು ನಿಂತಿತ್ತು. ನಟ್ಟು ಬಾಲ ಆಡಿಸಿ ಮೇಸ್ತ್ರಿಯ ಹೆಬ್ಬೆರಳು ನೆಕ್ಕಿತು.

ಮಾರನೆಯ ದಿನ ಆ ಸದ್ದು ಮಧ್ಯಾಹ್ನವೂ ಬಂತು, ಸಂಜೆಯೂ ಬಂತು. ಬುಧವಾರ ಬೆಳಿಗ್ಗೆ ಗ್ಯಾರೇಜಿಗೆ ಬಾಗಿಲು ಹಾಕಿ, ನಟ್ಟುವನ್ನು ಟವೆಲಿನಲ್ಲಿ ಸುತ್ತಿಕೊಂಡು ನಾಯಿ ಡಾಕ್ಟರಮ್ಮನ ಹತ್ತಿರ ಓಡಿದರು. ಡಾಕ್ಟರಮ್ಮ ಎದೆ ಕೇಳಿದರು, ಗಂಟಲು ನೋಡಿದರು, ಮೂಗಿಗೆ ದೀಪ ಹಿಡಿದರು. ನಟ್ಟು ಹಸುಗೂಸಿನ ಹಾಗೆ ತೆಪ್ಪಗೆ ಕೂತಿತ್ತು. ಸದ್ದಿಲ್ಲ, ಗದ್ದಲವಿಲ್ಲ.

"ಎಲ್ಲಾ ಸರಿಯಾಗಿದೆಯಲ್ಲ ಮೇಸ್ತ್ರಿಗಳೇ."

"ಅಯ್ಯೋ, ಮನೇಲಿ ಭಯಂಕರ ಸದ್ದು ಮಾಡುತ್ತಮ್ಮಾ! ನಿನ್ನೆ ಎರಡು ಸಲ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕೈಕಟ್ಟಿ ಕೂತು, ಸಾವಕಾಶವಾಗಿ ಹೇಳಿದರು, "ಹಾಗಾದ್ರೆ ಸದ್ದು ಬಂದಾಗ ಕರ್ಕೊಂಡು ಬನ್ನಿ."

ಮೇಸ್ತ್ರಿಯ ಮುಖ ಹುಳ್ಳಗಾಯಿತು. ಡಾಕ್ಟರಮ್ಮನ ಕಾರಿನಲ್ಲಿ ಟಕಟಕ ಸದ್ದು ಬರುತ್ತದೆ, ಗ್ಯಾರೇಜಿನ ಮುಂದೆ ನಿಲ್ಲಿಸಿದ ಕೂಡಲೇ ನಿಂತುಹೋಗುತ್ತದೆ. ಮೂರು ಸಲ ಬಂದಿದ್ದರು. ಮೂರು ಸಲವೂ ಮೇಸ್ತ್ರಿ ಇದೇ ಮಾತು ಹೇಳಿ, ಮೀಸೆಯಡಿ ನಕ್ಕು ವಾಪಸ್ಸು ಕಳಿಸಿದ್ದರು.

ಈಗ ಮಾನ ನೋಡಿದರೆ ನಾಯಿ ಉಳಿಯುತ್ತದೆಯೇ? ಮೇಸ್ತ್ರಿ ಎದ್ದು ನಿಂತರು. ಮೊಣಕೈ ಅಗಲಿಸಿದರು, ಕತ್ತು ಚಾಚಿದರು, ಕಣ್ಣರಳಿಸಿ "ಖ್ರೂಂಕ್! ಖ್ರೂಂಕ್! ಖ್ರೂಂಕ್!" ಅಂದರು. ಕಿವಿ ಅಂಥದ್ದು, ಒಂದು ಉಸಿರೂ ತಪ್ಪಲಿಲ್ಲ. ಹೊರಗೆ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬುಟ್ಟಿ ಸಮೇತ ದೂರ ಹೋಗಿ ಕೂತಳು.

ಡಾಕ್ಟರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಗೊತ್ತಾಯ್ತು, ಸಾಕು ನಿಲ್ಲಿಸಿ. ಸೀನುವಾಗ ಗಾಳಿ ಹೊರಗೆ ಹೋಗುತ್ತಲ್ಲ, ಇದಕ್ಕೆ ಒಳಗೆ ಹೋಗುತ್ತೆ. ಒಳಸೀನು ಅಂದ್ಕೊಳ್ಳಿ. ಚಿಕ್ಕ ನಾಯಿಗಳಿಗೆ ಬರುತ್ತೆ, ಸಾಮಾನ್ಯವಾಗಿ ಅಪಾಯ ಇಲ್ಲ. ಬಂದಾಗ ಪಕ್ಕದಲ್ಲಿ ಕೂತು ಗಂಟಲನ್ನ ಮೆತ್ತಗೆ ಸವರಿ. ತಲೆಕೆಳಗು ಗಿಲೆಕೆಳಗು ಮಾಡ್ಬೇಡಿ."

ಮೇಸ್ತ್ರಿ ಎರಡೂ ಕೈಯನ್ನು ಮೆಲ್ಲಗೆ ಟವೆಲಿನಡಿ ಸರಿಸಿಕೊಂಡರು.

"ಆದ್ರೆ ದಿನಕ್ಕೆ ಎರಡು ಸಲ ಅಂದ್ರೆ ಏನೋ ಕಾರಣ ಇರುತ್ತೆ. ಯಾವುದೋ ಘಾಟು ಇರಬಹುದು, ಸಂಭ್ರಮ ಜಾಸ್ತಿ ಆದ್ರೂ ಬರುತ್ತೆ. ಅದನ್ನ ಹುಡುಕಿ. ಮೂಗಲ್ಲಿ ರಕ್ತಗಿಕ್ತ ಕಂಡ್ರೆ ತಕ್ಷಣ ಬನ್ನಿ."

ಸುದ್ದಿ ಕೇಳಿದ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. "ಅಪ್ಪ, ಅದಕ್ಕೆ ಆ ಮನೆ ಗಾಳಿ ಆಗ್ತಿಲ್ಲ ಅನ್ಸುತ್ತೆ. ನನ್ನ ಜೊತೆ ಕೆಲಸ ಮಾಡೋರೊಬ್ರು ಸಾಕ್ತೀನಿ ಅಂತಿದಾರೆ. ಭಾನುವಾರದೊಳಗೆ ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ಬಂದು ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋಗು. ನನಗೇನು?" ಅಂದರು ಮೇಸ್ತ್ರಿ. ಅಂದವರು ಆ ದಿನ ಊಟಕ್ಕೆ ಏಳಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಅಳುವೇ ಬಂದಿತ್ತು.

ಗುರುವಾರ ಗ್ಯಾರೇಜಿನಿಂದ ಒಂದು ಜಾಬ್ ಕಾರ್ಡ್ ತಂದರು. ಯಾವ ಗಾಡಿ, ಏನು ದೂರು, ಯಾವಾಗ ಸದ್ದು ಅಂತೆಲ್ಲ ಬರೆಯುವ ಹಳದಿ ಚೀಟಿ ಅದು. ಗಾಡಿಯ ಜಾಗದಲ್ಲಿ "ನಟ್ಟು" ಅಂತ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಸೋಮವಾರದಿಂದ ಹಿಡಿದು ಒಂದೊಂದು ಸದ್ದನ್ನೂ ಗಂಟೆ ನಿಮಿಷ ಸಮೇತ ದಾಖಲು ಮಾಡಿದರು. ಆಮೇಲೆ ಘಾಟಿನ ಬೇಟೆ ಶುರುವಾಯಿತು. ಹೆಂಡತಿಯ ಪೌಡರು ಬಾಲ್ಕನಿಗೆ ಹೋಯಿತು, ಸೆಂಟಿನ ಬಾಟಲಿ ಹೋಯಿತು, ನೆಲ ಒರೆಸುವ ಫಿನಾಯಿಲು ಹೋಯಿತು. ತಲೆಗೆ ಹಚ್ಚುವ ಎಣ್ಣೆಯ ಸೀಸೆಗೂ ಅವರು ಮೂಗಿಟ್ಟಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇನ್ನು ನಾನೊಬ್ಳು ಉಳಿದಿದೀನಿ. ನನ್ನನ್ನೂ ಬಾಲ್ಕನೀಲಿ ಇಡ್ತೀರಾ?"

"ಸ್ವಲ್ಪ ದಿನ ತಡ್ಕೋ ಮಾರಾಯ್ತಿ, ಒಂದು ಜೀವದ ಪ್ರಶ್ನೆ."

ಆದರೂ ಶುಕ್ರವಾರ ಎರಡು ಸಲ ಬಂತು. ಶನಿವಾರ ಮಧ್ಯಾಹ್ನ ಮತ್ತೆ ಬಂದಾಗ, ಗಂಟಲು ಸವರಿ ಸುಮ್ಮನಾಗಿಸಿ, ಕಾರ್ಡಿನಲ್ಲಿ "1.20" ಅಂತ ಬರೆದು ಮೇಸ್ತ್ರಿ ತಲೆ ಮೇಲೆ ಕೈಹೊತ್ತು ಕೂತರು. "ಸೋತೆ ಕಣೇ. ಕಾರಣ ಸಿಗ್ತಿಲ್ಲ. ನಾಳೆ ಬಂದು ಕರ್ಕೊಂಡು ಹೋಗ್ತಾಳೆ."

ಹೆಂಡತಿ ಕೈ ಒರೆಸಿಕೊಂಡು ಬಂದು ಕಾರ್ಡನ್ನು ಮೇಲಿಂದ ಕೆಳಗೆ ಓದಿದರು. ಏಳು ಹತ್ತು. ಒಂದು ಇಪ್ಪತ್ತು. ಏಳು ಐದು. ಒಂದು ಇಪ್ಪತ್ತೈದು.

"ರೀ, ನೀವು ಊಟಕ್ಕೆ ಬರೋದು ಎಷ್ಟು ಹೊತ್ತಿಗೆ?"

"ಒಂದು ಇಪ್ಪತ್ತಕ್ಕೆ. ಯಾಕೆ?"

"ಸಂಜೆ?"

ಮೇಸ್ತ್ರಿ ಬಾಯಿ ತೆರೆದರು. ತೆರೆದವರು ತಮ್ಮ ತೋಳನ್ನೇ ಮೂಗಿಗೆ ಹಿಡಿದರು. ಗ್ಯಾರೇಜಿನ ಅಂಗಿ ಮೈಮೇಲೇ ಇತ್ತು: ಪೆಟ್ರೋಲು, ಗ್ರೀಸು, ಥಿನ್ನರು, ಎಲ್ಲಾ ಸೇರಿದ ಅಂಗಿ. ನಟ್ಟು ಓಡಿ ಬಂದು ಪ್ರೀತಿಯಿಂದ ಮೂಗು ತೂರಿಸುತ್ತಿದ್ದದ್ದು ಅದರ ತೋಳಿಗೇ. ಇಡೀ ಗಾಡಿ ತಪಾಸಣೆ ಮಾಡಿ, ಬಾನೆಟ್ಟಿನ ಮೇಲೆ ತಾನೇ ಕೂತಿದ್ದೇನೆ ಅನ್ನುವುದನ್ನು ಮೇಸ್ತ್ರಿ ಮರೆತಿದ್ದರು.

ಆ ಸಂಜೆ ಗ್ಯಾರೇಜಿನ ನಲ್ಲಿಯಡಿ ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದರು. ಬೇರೆ ಅಂಗಿ ತೊಟ್ಟರು. ಮನೆಗೆ ಬಂದು, ಕೂಗದೆ ಕರೆಯದೆ ಬಾಗಿಲ ಮೆಟ್ಟಿಲಲ್ಲಿ ಸುಮ್ಮನೆ ಕೂತರು. ನಟ್ಟು ಬಂತು, ಮೂಸಿತು, ಇವರು ಅವರೇ ಹೌದೋ ಅಲ್ಲವೋ ಅಂತ ಒಂದು ಸುತ್ತು ಹಾಕಿತು, ಆಮೇಲೆ ತೊಡೆಯೇರಿ ಮಲಗಿತು. ಸದ್ದಿಲ್ಲ.

ಭಾನುವಾರ ಮಗಳು ಬುಟ್ಟಿ ಹಿಡಿದೇ ಬಂದಳು. ಅವಳನ್ನು ಕಂಡ ಸಂಭ್ರಮಕ್ಕೆ ನಟ್ಟು ಅಲ್ಲೇ "ಖ್ರೂಂಕ್!" ಅಂತ ಶುರುವಿಟ್ಟಿತು. ಅವಳು "ಅಯ್ಯೋ ಅಪ್ಪಾ!" ಅಂತ ಚೀರಿದಳು. ಮೇಸ್ತ್ರಿ ನೆಲದ ಮೇಲೆ ಕೂತು, ಎರಡು ಬೆರಳಲ್ಲಿ ಗಂಟಲು ಸವರುತ್ತಾ "ಆಯ್ತು ಮರೀ, ಆಯ್ತು, ಏನಿಲ್ಲ" ಅಂದರು. ಅರ್ಧ ನಿಮಿಷದಲ್ಲಿ ಎಲ್ಲಾ ತಣ್ಣಗಾಯಿತು. ಮಗಳು ಅಪ್ಪನನ್ನೇ ನೋಡುತ್ತಾ ನಿಂತಳು. ಬುಟ್ಟಿ ಖಾಲಿಯಾಗಿಯೇ ವಾಪಸ್ಸು ಹೋಯಿತು.

"ನೋಡಿದ್ಯಾ?" ಮಗಳು ಹೋದ ಮೇಲೆ ಮೇಸ್ತ್ರಿ ಎದೆಯುಬ್ಬಿಸಿದರು. "ಒಂದೇ ವಾರ! ಎಷ್ಟು ಸಣ್ಣ ಸದ್ದಾದ್ರೂ ಈ ಕಿವಿಯಿಂದ ತಪ್ಪಿಸ್ಕೊಳ್ಳಲ್ಲ."

ಹೆಂಡತಿ ಬಾಲ್ಕನಿಯಿಂದ ಪೌಡರು, ಸೆಂಟು ಎಲ್ಲಾ ಎತ್ತಿಕೊಂಡು ಒಳಗೆ ಬರುತ್ತಿದ್ದರು. "ಮೂವತ್ತೊಂದು ವರ್ಷ ಆಯ್ತು ರೀ, ಆ ಅಂಗಿ ಬಿಚ್ಚಿ ಒಳಗೆ ಬನ್ನಿ ಅಂತ ಹೇಳ್ತಾ ಬಂದು. ಮೊದಮೊದಲು ಬಾಯಿಬಿಟ್ಟು ಹೇಳ್ತಿದ್ದೆ. ಆಮೇಲೆ ನಾನೂ ಒಳಗೊಳಗೇ ಸೀನ್ಕೊಂಡು ಸುಮ್ಮನಾದೆ. ನಂಗೂ ಒಂದು ಮೂಗಿತ್ತು." ನಗುತ್ತಲೇ ಅಂದರು. ಆದರೆ ಕೊನೆಯ ಮಾತಿಗೆ ಸ್ವರ ಕೊಂಚ ಕುಸಿದದ್ದನ್ನು ಮೇಸ್ತ್ರಿಯ ಕಿವಿ ಹಿಡಿಯಿತು. ಅವರಿಗೆ ನಾಚಿಕೆಯಾಯಿತು.

ಸೋಮವಾರ ಸಂಜೆ ಏಳು ಹತ್ತಕ್ಕೆ ಮೇಸ್ತ್ರಿ ತೊಳೆದ ಕೈ, ಒಗೆದ ಅಂಗಿಯಲ್ಲಿ ಬಂದರು. ಕಾಲಿಗೆ ಸುತ್ತಿದ ನಟ್ಟುವನ್ನು ದಾಟಿಕೊಂಡು ಸೀದಾ ಅಡುಗೆಮನೆಗೆ ಹೋಗಿ, ಹೆಂಡತಿಯ ಮುಂದೆ ಕತ್ತು ಬಗ್ಗಿಸಿ ನಿಂತರು.

"ಮೂಸಿ ನೋಡು."

ಹೆಂಡತಿ ಕಾಲರಿನ ಹತ್ತಿರ ಮೂಗು ತಂದರು. "ಇನ್ನೂ ಸ್ವಲ್ಪ ಇದೆ."

ಮೇಸ್ತ್ರಿ ಬಚ್ಚಲುಮನೆಗೆ ಹೋಗಿ ಮತ್ತೆ ಸೋಪು ಹಚ್ಚಿಕೊಂಡರು.