ಅರ್ಧ ಹಾಕಿದ ಬೀಗ

ಅಪ್ಪ ಅಮ್ಮ ಇಟ್ಟ ಹೆಸರು ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಬೀಗಣ್ಣ. ಅದು ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಸಂಸ್ಥೆ. ಹಾಸಿಗೆ ಹಿಡಿದವರು, ಗಾಯ ಮಾಯದವರು, ಸೂಜಿ ಕಂಡರೆ ಕಣ್ಣು ಮುಚ್ಚುವವರು, ಇಂಥವರ ಮನೆಗಳಿಗೆ ನರ್ಸ್‌ಗಳು ಬಸ್ಸು ಹಿಡಿದು ಓಡಾಡುತ್ತಿದ್ದರು. ಒಬ್ಬೊಬ್ಬರ ಚೀಲದಲ್ಲೂ ಒಂದು ಲ್ಯಾಪ್‌ಟಾಪ್. ಯಾರಿಗೆ ಯಾವ ಮಾತ್ರೆ, ಯಾರ ಹುಣ್ಣು ಎಷ್ಟು ಒಣಗಿದೆ, ಯಾವ ಮನೆಯ ಕೀಲಿಕೈ ಯಾವ ಹೂಕುಂಡದ ಕೆಳಗಿರುತ್ತದೆ, ಎಲ್ಲವೂ ಅದರೊಳಗೆ. ಆ ಲ್ಯಾಪ್‌ಟಾಪ್‌ಗಳನ್ನು ಸಜ್ಜು ಮಾಡಿ, ಬೀಗ ಹಾಕಿ, ಅವರ ಕೈಗೆ ಕೊಡುವುದು ಅವನ ಕೆಲಸವಾಗಿತ್ತು.

ಬೀಗ ಎಂದರೆ ಪಾಸ್‌ವರ್ಡ್ ಅಲ್ಲ. ಪಾಸ್‌ವರ್ಡ್ ಬರೀ ಬಾಗಿಲ ಚಿಲಕ. ಕಳ್ಳನೊಬ್ಬ ಲ್ಯಾಪ್‌ಟಾಪಿನ ಹಿಂಭಾಗ ಬಿಚ್ಚಿ, ಒಳಗಿನ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಕಾಲು ಚಾಚಿ ಕೂತು ಎಲ್ಲವನ್ನೂ ಓದಬಹುದು. ಬೀಗಣ್ಣ ಹಾಕುತ್ತಿದ್ದ ಬೀಗ ಒಳಗಿನ ಪ್ರತಿ ಅಕ್ಷರವನ್ನೂ ಕಲಸಿಬಿಡುತ್ತಿತ್ತು. ಪಾಸ್‌ವರ್ಡ್ ಗೊತ್ತಿಲ್ಲದವನಿಗೆ ಸಿಗುವುದು ತಲೆಬುಡವಿಲ್ಲದ ಕಸ. ಆದರೆ ಹಾಗೆ ಕಲಸಿ ಮುಗಿಯಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಪರದೆ ನೋಡುತ್ತಾ ಯಾರು ಕೂರುತ್ತಾರೆ? ಅದಕ್ಕೇ ಅವನು ಒಂದು ರೂಢಿ ಮಾಡಿಕೊಂಡಿದ್ದ. ಕೆಲಸ ಶುರುವಾದ ಕೂಡಲೇ ತನ್ನ ಕಂಪ್ಯೂಟರಿನಲ್ಲಿ ಆ ಲ್ಯಾಪ್‌ಟಾಪಿನ ಮುಂದೆ ‘ಬೀಗ ಹಾಕಿದೆ’ ಎಂಬ ಹಸಿರು ಗುರುತು ಒತ್ತಿ, ಮುಂದಿನದಕ್ಕೆ ಕೈ ಹಾಕುತ್ತಿದ್ದ. ಹೇಗೂ ಸಂಜೆಯೊಳಗೆ ಮುಗಿಯುತ್ತದಲ್ಲ. ಮುಗಿಯುತ್ತಲೂ ಇತ್ತು, ಒಂದೇ ಒಂದು ಸಲ ಬಿಟ್ಟು.

ಲ್ಯಾಪ್‌ಟಾಪ್ ಹಂಚುವ ಮುಂಚೆ ನರ್ಸ್‌ಗಳನ್ನು ಕೂರಿಸಿ ಪಾಠ ಹೇಳುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು.

“ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ. ಗಂಡನಿಗೂ ಹೇಳ್ಬೇಡಿ.”

“ನಮ್ಮ ಯಜಮಾನ್ರಿಗೆ ನಾನು ಹುಟ್ಟಿದ ದಿನಾನೇ ನೆನಪಿರಲ್ಲ ತಮ್ಮಾ. ಅವ್ರ ಹತ್ರ ಹೇಳಿದ್ರೂ ಅದು ಗುಟ್ಟಾಗೇ ಇರುತ್ತೆ” ಎಂದು ಹಿಂದಿನ ಸಾಲಿನಿಂದ ದೊಡ್ಡ ಸಿಸ್ಟರ್ ಹೇಳಿದಾಗ ಕೋಣೆಯೆಲ್ಲ ಗೊಳ್ಳೆಂದಿತ್ತು.

ದೊಡ್ಡ ಸಿಸ್ಟರ್ ಎಲ್ಲ ನರ್ಸ್‌ಗಳಿಗಿಂತ ಹಿರಿಯರು. ಅವರ ನೆನಪಿನ ಶಕ್ತಿಗೆ ಡಾಕ್ಟರುಗಳೇ ತಲೆದೂಗುತ್ತಿದ್ದರು. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಯಾರಿಗೆ ಏನು, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನೆಲ್ಲ ಅರಳು ಹುರಿದ ಹಾಗೆ ಹೇಳಿಬಿಡುತ್ತಿದ್ದರು. ಬೀಗಣ್ಣನ ಅಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಬೇಗ ಮಾಯದ ಹುಣ್ಣು. ಅಮ್ಮನಿಗೆ ಇನ್ಸುಲಿನ್ ಚುಚ್ಚಿ, ಕಾಲಿಗೆ ಹೊಸ ಬಟ್ಟೆ ಕಟ್ಟುತ್ತಿದ್ದವರೂ ಇದೇ ಸಿಸ್ಟರ್. ಅಮ್ಮ ಮಗನ ಮಾತು ಕೇಳದಿದ್ದರೂ ಅವರ ಮಾತು ಮೀರುತ್ತಿರಲಿಲ್ಲ.

ಆ ಒಂದು ಸಲ ಆದದ್ದು ಇಷ್ಟು. ಸಿಸ್ಟರ್ ಅವರ ಹಳೆಯ ಲ್ಯಾಪ್‌ಟಾಪ್ ಕೆಟ್ಟು ಕೂತಿತ್ತು. ಬೀಗಣ್ಣ ಹೊಸದನ್ನು ತೆಗೆದು, ಬೀಗದ ಕೆಲಸ ಶುರು ಮಾಡಿ, ಎಂದಿನಂತೆ ಹಸಿರು ಗುರುತು ಒತ್ತಿದ್ದ. ಅಷ್ಟರಲ್ಲಿ ಸಿಸ್ಟರ್ ಚೀಲ ಹೆಗಲಿಗೇರಿಸಿಕೊಂಡೇ ಬಂದು ನಿಂತರು.

“ಆಯ್ತಾ ತಮ್ಮಾ? ಇಲ್ಲಿಂದ ನಿಮ್ಮ ಮನೆಗೇ ಹೋಗ್ಬೇಕು. ಅಮ್ಮ ಊಟ ಮಾಡ್ದೆ ಕಾಯ್ತಿರ್ತಾರೆ.”

ಅಮ್ಮ ಹಸಿದು ಕೂತಿರುವುದು ಅವನ ಕಣ್ಣ ಮುಂದೆ ಬಂತು. ಬೀಗದ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ರದ್ದು ಮಾಡಿ, ಲ್ಯಾಪ್‌ಟಾಪ್ ಕೈಗಿಟ್ಟ. “ಸೋಮವಾರ ತನ್ನಿ ಸಿಸ್ಟರ್, ಒಂಚೂರು ಕೆಲಸ ಬಾಕಿ ಇದೆ” ಎಂದ. ಹಸಿರು ಗುರುತು ತೆಗೆಯುವುದು ಅವನ ತಲೆಗೇ ಹೊಳೆಯಲಿಲ್ಲ.

ಹೇಳಿದ ಮಾತಿಗೆ ತಪ್ಪದೆ ಸೋಮವಾರ ಸಿಸ್ಟರ್ ಬಂದರು. ಅವನ ಮೇಜಿನ ಮೇಲೆ ಹೊಸ ಪೆಟ್ಟಿಗೆಗಳು ಸೂರು ಮುಟ್ಟುವಂತಿದ್ದವು. “ನಾಳೆ ನೋಡೋಣ ಸಿಸ್ಟರ್” ಎಂದ. ಇನ್ನೊಂದು ದಿನವೂ ಬಂದರು. ಬೀಗಣ್ಣ ಚಹಾ ಕುಡಿಯುತ್ತಿದ್ದ. “ಅಂಥ ಅವಸರ ಏನಿಲ್ಲ ಬಿಡಿ” ಎಂದ. ಆಮೇಲೆ ಇಬ್ಬರೂ ಅದನ್ನು ಮರೆತರು. ಮರೆಯುವ ಹಕ್ಕು ಸಿಸ್ಟರ್‌ಗೆ ಇತ್ತು, ಅವನಿಗೆ ಇರಲಿಲ್ಲ.

ಕೆಲವು ತಿಂಗಳು ಕಳೆದವು. ಸಿಸ್ಟರ್ ಹೋಗುತ್ತಿದ್ದ ಬಸ್ಸಿನಲ್ಲಿ ಹೆಂಗಸೊಬ್ಬಳು ತಲೆ ಸುತ್ತಿ ಬಿದ್ದಳು. ಸಿಸ್ಟರ್ ಅವಳನ್ನು ಹಿಡಿದು ಕೆಳಗಿಳಿಸಿ, ನೆರಳಲ್ಲಿ ಮಲಗಿಸಿ ನೀರು ಚಿಮುಕಿಸುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಸೀಟಿನ ಕೆಳಗಿದ್ದ ಚೀಲ ಮತ್ತೆ ಸಿಗಲಿಲ್ಲ. ಆಫೀಸಿಗೆ ಓಡಿ ಬಂದು ತಾವಾಗಿಯೇ ಹೇಳಿಕೊಂಡರು. ಸಂಸ್ಥೆಯ ನಿಯಮದಲ್ಲಿ ಇದಕ್ಕೆ ಬರೀ ಒಂದು ಎಚ್ಚರಿಕೆ: ಬೀಗ ಹಾಕಿದ ಲ್ಯಾಪ್‌ಟಾಪ್ ಕಳೆದರೆ ಹೋದದ್ದು ಲ್ಯಾಪ್‌ಟಾಪ್ ಮಾತ್ರ. ಎಲ್ಲರೂ ಅವರಿಗೆ ಸಮಾಧಾನ ಹೇಳಿದರು. ಬೀಗಣ್ಣನೊಬ್ಬನಿಗೆ ಮಾತ್ರ ಅರ್ಧಕ್ಕೆ ನಿಲ್ಲಿಸಿದ ಬೀಗ ನೆನಪಾಯಿತು. ಲ್ಯಾಪ್‌ಟಾಪ್ ಇಂಟರ್ನೆಟ್ಟಿಗೆ ಬಂದ ಕೂಡಲೇ ಒಳಗಿನದೆಲ್ಲ ಅಳಿಸಿಹೋಗಲಿ ಎಂದು ತನ್ನ ಕಂಪ್ಯೂಟರಿನಿಂದ ಆಜ್ಞೆ ಕಳಿಸಿ ಕಾದ. ಆ ಲ್ಯಾಪ್‌ಟಾಪ್ ಇಂಟರ್ನೆಟ್ಟಿನ ಕಡೆ ತಲೆಹಾಕಲೇ ಇಲ್ಲ.

ಆಮೇಲೆ ರೋಗಿಗಳ ಮನೆಗಳಿಗೆ ಫೋನುಗಳು ಬರತೊಡಗಿದವು. ಯಾರೋ ಒಬ್ಬ, ಬಲು ನಯವಾದ ದನಿ. ಇಂಥ ಮಾತ್ರೆ ತಗೋತಿದ್ದೀರಲ್ಲ, ನಮ್ಮಲ್ಲಿ ಅದೇ ಮಾತ್ರೆ ಅಗ್ಗ ಎನ್ನುತ್ತಿದ್ದ. ಮಾತ್ರೆಯ ಹೆಸರು, ಕಾಯಿಲೆಯ ಹೆಸರು, ಹುಣ್ಣು ಯಾವ ಕಾಲಿನಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ಫೋನು ಬಂದವರೆಲ್ಲ ದೊಡ್ಡ ಸಿಸ್ಟರ್ ನೋಡಿಕೊಳ್ಳುತ್ತಿದ್ದ ರೋಗಿಗಳೇ.

ಮ್ಯಾನೇಜರ್ ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಪರದೆಯ ಮೇಲಿದ್ದ ಹಸಿರು ಗುರುತನ್ನು ಬೆರಳಿಟ್ಟು ತೋರಿಸಿದರು.

“ಬೀಗ ಬಿದ್ದಿದೆ. ಪಾಸ್‌ವರ್ಡ್ ಇಲ್ದೆ ತೆಗೆಯೋಕಾಗಲ್ಲ. ಅಂದ್ಮೇಲೆ ಪಾಸ್‌ವರ್ಡ್ ಆ ಫೋನ್ ಮಾಡೋನ ಕೈಗೆ ಹೇಗೆ ಸಿಕ್ತು ಸಿಸ್ಟರ್?”

“ನಾನು ಯಾರಿಗೂ ಹೇಳಿಲ್ಲ ಮೇಡಂ. ಎಲ್ಲೂ ಬರೆದೂ ಇಟ್ಟಿಲ್ಲ.”

“ಹಾಗಾದ್ರೆ ತಾನಾಗೇ ತೆರ್ಕೊಳ್ತಾ?”

ಸಿಸ್ಟರ್ ಅವನ ಕಡೆ ತಿರುಗಿದರು. ಆ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಔಷಧಿ ಅಂಗಡಿಯವನನ್ನು ಬೆಲೆ ಕೇಳುವಷ್ಟು ಸಹಜವಾಗಿ ಕೇಳಿದರು. “ನೀನೇ ಹೇಳು ತಮ್ಮಾ. ಬೇರೆ ಯಾವ ರೀತಿಲಾದ್ರೂ ತೆಗೀಬಹುದಾ?”

ಬೀಗಣ್ಣ ಪರದೆಯ ಹಸಿರು ಗುರುತಿನ ಕಡೆ ನೋಡಿದ. “ಒಂದ್ಸಲ ಬೀಗ ಹಾಕಿದ್ಮೇಲೆ ಆಗಲ್ಲ ಸಿಸ್ಟರ್” ಎಂದ.

ಸುಳ್ಳೇನಲ್ಲ, ನೋಡಿ. ಅಕ್ಷರಕ್ಕಕ್ಷರ ನಿಜ. ಅವನು ಆ ಕೋಣೆಯಿಂದ ಆಚೆ ಬಂದಮೇಲೆ ಎಷ್ಟೋ ಸಲ ತನಗೆ ತಾನೇ ಇದನ್ನು ಹೇಳಿಕೊಂಡ. ಮನುಷ್ಯ ತನ್ನ ಪರವಾಗಿ ವಕಾಲತ್ತು ಹಾಕಲು ಕೂತರೆ ಎಂಥ ಜಾಣನಾಗುತ್ತಾನೆ!

ವಿಚಾರಣೆ ಮುಗಿಯುವ ತನಕ ಸಿಸ್ಟರ್ ಕೆಲಸಕ್ಕೆ ಬರಬಾರದೆಂದಾಯಿತು. ಅಮ್ಮನಿಗೆ ಹೊಸ ನರ್ಸ್ ಬರತೊಡಗಿದಳು. ಪಾಪ, ಒಳ್ಳೆಯ ಹುಡುಗಿ. ಆದರೆ ಅಮ್ಮನ ಪ್ರಕಾರ ಅವಳ ಕೈ ಮಂಜುಗಡ್ಡೆ, ಮಾತು ಅದಕ್ಕಿಂತ ತಣ್ಣಗೆ.

“ದೊಡ್ಡ ಸಿಸ್ಟರ್ ಯಾವಾಗ ಬರ್ತಾರೋ?” ಅಮ್ಮ ದಿನವೂ ಕೇಳುತ್ತಿದ್ದಳು.

“ರಜಾ ಹಾಕಿದಾರೆ.”

“ನಿನ್ನನ್ನ ಹೆತ್ತವಳು ನಾನು. ಕಾಲು ನೋಡ್ಕೊಂಡು ಮಾತಾಡ್ಬೇಡ, ಮುಖ ನೋಡಿ ಹೇಳು.”

ಹೇಳಬೇಕೆಂದು ಅವನು ಮೇಡಂ ಕೋಣೆಯ ಬಾಗಿಲ ತನಕ ಹೋದದ್ದುಂಟು. ಒಂದು ಸಲ ಒಳಗೆ ಯಾರೋ ಇದ್ದರು. ಒಂದು ಸಲ ಮೇಡಂ ಫೋನಿನಲ್ಲಿದ್ದರು. ಒಂದು ಸಲ ಯಾರೂ ಇರಲಿಲ್ಲ, ಫೋನೂ ಇರಲಿಲ್ಲ. ಅವನು ಪ್ರಿಂಟರಿನ ಕಾಗದ ಮುಗಿದಿದೆಯೇ ಎಂದು ಕೇಳಿ ವಾಪಸು ಬಂದ. ಕೆಲಸ ಹೋದರೆ ಅಮ್ಮನ ಔಷಧಿಗೆ ಏನು ಗತಿ ಎಂದು ಯೋಚಿಸಿದ. ಆಮೇಲೆ ಅಮ್ಮನನ್ನೂ ಈ ಹೇಡಿತನಕ್ಕೆ ಗುರಾಣಿ ಮಾಡಿಕೊಂಡೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಪಟ್ಟುಕೊಂಡು ಸುಮ್ಮನಾದ.

ಒಂದು ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಪರಿಚಿತ ಚಪ್ಪಲಿ. ಒಳಗೆ ದೊಡ್ಡ ಸಿಸ್ಟರ್ ಅಮ್ಮನ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಸಮವಸ್ತ್ರವಿಲ್ಲದೆ ಅವರು ಕುಗ್ಗಿದಂತೆ ಕಂಡರು. ಬಂದಿದ್ದ ಹೊಸ ನರ್ಸನ್ನು ಅಮ್ಮ ಸೂಜಿ ಚುಚ್ಚುವ ಮೊದಲೇ ಸಾಗಹಾಕಿದ್ದಳು.

“ಬಾ ತಮ್ಮಾ. ಹೇಳಿ ಹೋಗೋಣ ಅಂತ ಬಂದೆ. ಇವತ್ತು ಬರ್ಕೊಟ್ಟೆ.”

“ಏನ್ ಬರ್ಕೊಟ್ರಿ?”

“ಪಾಸ್‌ವರ್ಡ್ ನಾನೇ ಯಾರಿಗೋ ಹೇಳಿರ್ಬೇಕು, ಕೆಲಸ ಬಿಡ್ತೀನಿ ಅಂತ.”

“ಹೇಳಿದ್ರಾ? ಯಾರಿಗೆ?”

“ಅದೇ ನೆನಪಾಗ್ತಿಲ್ವಲ್ಲೋ.” ಸಿಸ್ಟರ್ ನಗಲು ನೋಡಿದರು, ಆಗಲಿಲ್ಲ. “ಮೊದ್ಲು ಖಾತ್ರಿ ಇತ್ತು, ಹೇಳಿಲ್ಲ ಅಂತ. ಆಮೇಲೆ ದಿನಾ ಕೂತು ಯೋಚ್ನೆ ಮಾಡ್ದೆ. ನಿನ್ನ ಬೀಗ ತಪ್ಪಲ್ಲ. ನೀನೇ ಹೇಳ್ದೆ. ಅಂದ್ಮೇಲೆ ನನ್ನ ತಲೆನೇ ತಪ್ಪಿರ್ಬೇಕು. ನಮ್ಮಮ್ಮನಿಗೂ ಇದೇ ವಯಸ್ಸಲ್ಲಿ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರು ಅಂತ ಕೇಳ್ತಿದ್ಲು. ಒಂದು ಪಾಸ್‌ವರ್ಡ್ ಮರೆತ್ರೆ ಹೋಗ್ಲಿ ಅನ್ಬಹುದು. ನಾಳೆ ಯಾರಿಗೋ ಔಷಧಿ ಎರಡು ಸಲ ಚುಚ್ಚಿಬಿಟ್ರೆ?”

ಅಮ್ಮ ರೇಗಿದಳು. “ಹುಚ್ಚುಚ್ಚಾಗಿ ಮಾತಾಡ್ಬೇಡಿ. ಇವತ್ತು ನೀವೇ ಚುಚ್ಚಿ. ಆಮೇಲೆ ನಾನು ಉಣ್ಣೋದು.”

ಸಿಸ್ಟರ್ ಬೇಡ ಎಂದರು. ಅಮ್ಮ ಕೇಳಬೇಕಲ್ಲ. ಕೊನೆಗೆ ಕೈ ತೊಳೆದುಕೊಂಡು ಬಂದು ಸಿರಿಂಜಿನಲ್ಲಿ ಇನ್ಸುಲಿನ್ ಎಳೆದರು. ದೀಪಕ್ಕೆ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಅವನ ಕಡೆ ಚಾಚಿದರು.

“ಗೆರೆ ಸರಿಯಾಗಿದೆಯಾ ನೋಡು ತಮ್ಮಾ. ಬೆಳಗ್ಗೆ ಎಷ್ಟು, ಸಂಜೆ ಎಷ್ಟು... ನಾನು ಅದಲುಬದಲು ಮಾಡಿಲ್ಲ ತಾನೆ?”

ಅಮ್ಮನ ಯಾವ ಅಳತೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರೋ, ಆ ಅಳತೆಯನ್ನು ಅವನನ್ನು ಕೇಳುತ್ತಿದ್ದರು. ಅವರ ಕೆಲಸ ಕಿತ್ತುಕೊಂಡೆ ಎಂದಷ್ಟೇ ಅವನು ಇಷ್ಟು ದಿನ ಕೊರಗಿದ್ದ. ಕಿತ್ತುಕೊಂಡದ್ದು ಬೇರೆ ಏನನ್ನೋ ಎಂದು ಆಗ ತಿಳಿಯಿತು.

“ನಾನು ಬೀಗ ಹಾಕಿರ್ಲಿಲ್ಲ” ಎಂದ.

“ಏನು?”

“ನಿಮ್ಮ ಲ್ಯಾಪ್‌ಟಾಪಿಗೆ ಬೀಗಾನೇ ಇರ್ಲಿಲ್ಲ ಸಿಸ್ಟರ್. ಅರ್ಧಕ್ಕೇ ನಿಲ್ಲಿಸಿ ಕೊಟ್ಟುಬಿಟ್ಟೆ. ಗುರುತು ಮಾತ್ರ ಹಾಗೇ ಉಳೀತು. ಪಾಸ್‌ವರ್ಡ್ ಇಲ್ದೇನೇ ಯಾರು ಬೇಕಾದ್ರೂ ಓದ್ಬಹುದಿತ್ತು. ಬಾಕಿ ಕೆಲಸಕ್ಕೆ ಅಂತ ನೀವು ಎರಡು ಸಲ ತಂದ್ರಿ. ನಾನೇ ವಾಪಸು ಕಳಿಸ್ದೆ.”

ಸಿಸ್ಟರ್ ಸಿರಿಂಜನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. “ಸೋಮವಾರ ಬಂದಿದ್ದೆ” ಎಂದರು. “ಮೇಜಿನ ಮೇಲೆ ರಾಶಿ ಪೆಟ್ಟಿಗೆ ಇತ್ತು. ಇನ್ನೊಂದ್ಸಲ ಬಂದಾಗ ನೀನು ಚಾ ಕುಡೀತಿದ್ದೆ. ಹಿಡಿ ಮುರಿದ ಕಪ್ಪು.”

“ಹೌದು.”

“ಹಾಗಾದ್ರೆ ನಾನು ಯಾರಿಗೂ ಹೇಳಿಲ್ಲ.”

“ಇಲ್ಲ ಸಿಸ್ಟರ್.”

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವನು ಕ್ಷಮಿಸಿ ಎಂದ. ಆ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ದನಿ ಗಟ್ಟಿಯಾಗಿತ್ತು. “ಮೇಡಂಗೆ ಫೋನ್ ಮಾಡು. ಈಗ್ಲೇ, ನನ್ನೆದುರಿಗೆ.”

“ಸ್ಪೀಕರ್ ಹಾಕು” ಎಂದಳು ಅಮ್ಮ. ಅವನು ತಡವರಿಸಿದ್ದು ಕಂಡು ತಾನೇ ಫೋನು ಕಿತ್ತುಕೊಂಡು ಒತ್ತಿ ಹಾಸಿಗೆಯ ಮೇಲಿಟ್ಟಳು.

ಅವನು ಎಲ್ಲವನ್ನೂ ಹೇಳಿದ.

“ಇದು ಇನ್ನ್ಯಾರಿಗೆ ಗೊತ್ತು?” ಮೇಡಂ ದನಿ ತಗ್ಗಿಸಿ ಕೇಳಿದರು. “ನೋಡು, ಅವ್ರು ಹೇಗೂ ಬರ್ಕೊಟ್ಟಾಯ್ತು. ರೋಗಿಗಳ ಮನೆಯವ್ರೂ ತಣ್ಣಗಾಗಿದಾರೆ. ಈಗ ನೀನಿದನ್ನ ಕೆದಕಿದ್ರೆ ನಿನ್ನ ಕೆಲಸ ಹೋಗುತ್ತೆ, ನನ್ನ ಕುತ್ತಿಗೆಗೂ ಬರುತ್ತೆ. ಬಾಯಿ ಮುಚ್ಕೊಂಡಿರು. ನಾನೂ ಏನೂ ಕೇಳಿಸ್ಕೊಂಡಿಲ್ಲ.”

ಆಮೇಲೆ ಅವನು ಆಡಿದ ಮಾತಿಗೆ ಧೈರ್ಯ ಎಂಬ ದೊಡ್ಡ ಹೆಸರು ಬೇಡ. ಸ್ಪೀಕರ್ ಇಲ್ಲದಿದ್ದರೆ ಏನೆನ್ನುತ್ತಿದ್ದನೋ ಅವನಿಗೇ ಗೊತ್ತಿಲ್ಲ, ಆ ಸಂಶಯ ಅವನನ್ನು ಮುಂದೆ ಎಂದೂ ಬಿಡಲೂ ಇಲ್ಲ.

“ಮೇಡಂ, ಸಿಸ್ಟರ್ ಇಲ್ಲೇ ಇದಾರೆ. ನೀವು ಹೇಳಿದ್ದೆಲ್ಲ ಅವ್ರಿಗೆ ಕೇಳಿಸ್ತು. ನಾಳೆ ಬೆಳಗ್ಗೆ ನಾವಿಬ್ರೂ ನಿಮ್ಮ ಮೇಲಿನ ದೊಡ್ಡ ಸಾಹೇಬ್ರ ಹತ್ರಾನೇ ಹೋಗ್ತೀವಿ.”

ಫೋನು ಕಟ್ಟಾಯಿತು. ಅಮ್ಮ ಮಗನ ಮುಖ ನೋಡದೆ ಗೋಡೆಯ ಕಡೆ ತಿರುಗಿ, ಚುಚ್ಚಿಸಿಕೊಳ್ಳಲು ತೋಳು ಚಾಚಿದಳು.

ಸಿಸ್ಟರ್ ತಟ್ಟೆಯಲ್ಲಿದ್ದ ಸಿರಿಂಜನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಬಿಚ್ಚಿದರು. ಔಷಧಿ ಎಳೆದು, ದೀಪಕ್ಕೆ ಹಿಡಿದು, ಒಂದೇ ಸಲ ನೋಡಿದರು. ಬೀಗಣ್ಣ ಗೆರೆ ನೋಡಲು ಮುಂದೆ ಬಾಗಿದ.

“ನೀನು ಅತ್ತ ಸರಿ, ಬೆಳಕಿಗೆ ಅಡ್ಡ ಬರ್ತಿದೀಯ” ಎಂದರು ಸಿಸ್ಟರ್.